ಸರ್ಕಾರಿ ತಂತ್ರಾಂಶವೂ ಅಜೈಲ್ ಪದ್ಧತಿಯೂ

ಗಣಕಯಂತ್ರವನ್ನು ದುಡಿಸುವ ಆದೇಶಗಳ ಸಮುಚ್ಚಯಕ್ಕೆ ತಂತ್ರಾಂಶವೆಂದು ಹೆಸರು. ಸರ್ಕಾರಗಳು ಬಹುಕಾಲ ಇದನ್ನು ಸೇತುವೆ ಕಟ್ಟಿಸುವ ರೀತಿಯಲ್ಲಿಯೇ ಮಾಡಿಸುತ್ತ ಬಂದವು: ಮೊದಲು ಬೇಕಾದುದೆಲ್ಲದರ ಪಟ್ಟಿ, ಬಳಿಕ ನಕ್ಷೆ, ಟೆಂಡರು, ನಿರ್ಮಾಣ, ಕಟ್ಟಕಡೆಗೆ ಪರೀಕ್ಷೆ. ಧುಮುಕಿದ ನೀರು ಮೇಲಕ್ಕೆ ಮರಳದಂತೆ ಮುಗಿದ ಹಂತಕ್ಕೆ ಹಿಂದಿರುಗುವಂತಿಲ್ಲವಾದುದರಿಂದ ಇದು ಜಲಪಾತ ಕ್ರಮವೆನಿಸಿತು. ಇದರ ಮೂಲವೆಂದು ಎಲ್ಲರೂ ಹೆಸರಿಸುವ ವಿನ್‌ಸ್ಟನ್ ರಾಯ್ಸ್ ಅವರ 1970ರ ಪ್ರಬಂಧವೇ, ಇದನ್ನು ಇದ್ದಂತೆ ಅನುಸರಿಸುವುದು ಅಪಾಯಕರವೆಂದು ಎಚ್ಚರಿಸಿತ್ತೆಂಬುದು ವಿನೋದದ ಸಂಗತಿ. ಹೊಳೆಯು ವರ್ಷಕ್ಕೊಮ್ಮೆ ಪಾತ್ರ ಬದಲಿಸುವುದಿಲ್ಲ; ಕಚೇರಿಯ ನಿಯಮಗಳಾದರೋ ಬದಲಾಗುತ್ತಲೇ ಇರುತ್ತವೆ.

2001ರ ಫೆಬ್ರವರಿಯಲ್ಲಿ ಅಮೆರಿಕದ ಯೂಟಾ ಪ್ರಾಂತ್ಯದ ಸ್ನೋಬರ್ಡ್ ಎಂಬಲ್ಲಿ 17 ಮಂದಿ ತಂತ್ರಾಂಶ ತಜ್ಞರು ಕಲೆತು ಬೇರೊಂದು ಮಾರ್ಗವನ್ನು ಘೋಷಿಸಿದರು. ಕೆಲಸವನ್ನು ಸಣ್ಣ ತುಂಡುಗಳಾಗಿ ಮಾಡುವುದು, ಕೆಲವೇ ವಾರಗಳಿಗೊಮ್ಮೆ ನಡೆಯುವ ಸ್ಥಿತಿಯಲ್ಲಿರುವ ಭಾಗವನ್ನು ಬಳಕೆದಾರರ ಮುಂದಿಡುವುದು, ಅವರ ಮಾತಿನಂತೆ ತಿದ್ದಿ ಮುಂದುವರಿಯುವುದು ಇದರ ಸಾರ. ಅಜೈಲ್ ಎಂದರೆ ಚುರುಕು. ಆದರೆ ಇಲ್ಲಿಯ ಚುರುಕುತನ ಓಟದ್ದಲ್ಲ, ಅಗತ್ಯಬಿದ್ದತ್ತ ಹೊರಳುವುದರದು. 'ಚಪಲ' ಎಂದು ಭಾಷಾಂತರಿಸಿದರೆ ಕನ್ನಡದಲ್ಲಿ ಅಪಾರ್ಥವೇ ಆದೀತು.

ಸರ್ಕಾರಿ ಕ್ಷೇತ್ರದಲ್ಲಿ ಈ ಪದ್ಧತಿಯ ಪ್ರಸಿದ್ಧ ನಿದರ್ಶನ ಅಮೆರಿಕದ ಕೇಂದ್ರ ತನಿಖಾ ಸಂಸ್ಥೆಯಾದ ಎಫ್.ಬಿ.ಐ.ಯದು. ತನಿಖೆಯ ಕಡತಗಳನ್ನು ಗಣಕಕ್ಕೆ ಏರಿಸುವ ಅದರ ಮೊದಲ ಯೋಜನೆಯನ್ನು ಸುಮಾರು 17 ಕೋಟಿ ಡಾಲರ್ ವ್ಯಯವಾದ ಮೇಲೆ 2005ರಲ್ಲಿ ಕೈಬಿಡಬೇಕಾಯಿತು. 2006ರಲ್ಲಿ 'ಸೆಂಟಿನೆಲ್' ಎಂಬ ಹೆಸರಿನಲ್ಲಿ ಕಾರ್ಯ ಪುನಃ ಆರಂಭವಾಯಿತು. 2009ರ ಅಂತ್ಯಕ್ಕೆ ನಾಲ್ಕು ಹಂತಗಳೂ ಮುಗಿಯಬೇಕಿದ್ದವು. 2010ರ ಆಗಸ್ಟ್ ವೇಳೆಗೆ ಒಟ್ಟು 45.1 ಕೋಟಿ ಡಾಲರಿನಲ್ಲಿ 40.5 ಕೋಟಿ ತೀರಿಹೋಗಿತ್ತು. ಕೈಗೆ ಬಂದವು ಎರಡೇ ಹಂತಗಳು. ಇದೇ ರೀತಿ ಸಾಗಿದರೆ ಇನ್ನೂ ಆರು ವರ್ಷಗಳೂ 35 ಕೋಟಿ ಡಾಲರುಗಳೂ ಬೇಕೆಂದು ಹೊರಗಿನ ಪರಿಶೀಲಕರು ಅಂದಾಜು ಮಾಡಿದರು.

ಆಗ ಸಂಸ್ಥೆಯು ಧೈರ್ಯವಹಿಸಿತು. ಗುತ್ತಿಗೆದಾರರ ಕೈಯಿಂದ ಹೊಣೆಯನ್ನು ತಾನೇ ವಹಿಸಿಕೊಂಡು, ಕೆಲಸಗಾರರ ಸಂಖ್ಯೆಯನ್ನು ಬಹುವಾಗಿ ಇಳಿಸಿತು. ದಪ್ಪ ಹೊತ್ತಗೆಯಂತಿದ್ದ ಬೇಡಿಕೆಗಳ ಪಟ್ಟಿಯು 670 ಕಿರುಕಾರ್ಯಗಳಾಗಿ ವಿಂಗಡವಾಯಿತು. ಬಳಸುವವನಿಗೆ ಏನು ಬೇಕು, ಏಕೆ ಬೇಕು ಎಂಬಷ್ಟೇ ಪ್ರತಿಯೊಂದರ ವಿವರ. ಎರಡು ವಾರಗಳಿಗೊಂದು ಸುತ್ತು. ಸುತ್ತಿನ ಕೊನೆಗೆ ಸಿದ್ಧವಾದುದರ ಪ್ರದರ್ಶನ. ಶೇಕಡಾ ಇಷ್ಟು ಮುಗಿದಿದೆಯೆಂಬ ವರದಿಗೆ ಇಲ್ಲಿ ಬೆಲೆಯಿಲ್ಲ. ನಡೆದರೆ ಮುಗಿದಂತೆ, ನಡೆಯದಿದ್ದರೆ ಇಲ್ಲ. ಹಾಗೆಂದು ಎಲ್ಲವೂ ಸುಗಮವಾಗಿರಲಿಲ್ಲ. 2011ರ ಅಕ್ಟೋಬರಿನ ಪ್ರಯೋಗದಲ್ಲಿ ಹಳೆಯ ಯಂತ್ರಗಳು ಭಾರ ತಾಳದೆ ನಿಂತವು. ಹೊಸವನ್ನು ತರಿಸುವುದಕ್ಕೆ ತಿಂಗಳುಗಳು ಹಿಡಿದವು. 2012ರ ಜುಲೈ 1ರಂದು ವ್ಯವಸ್ಥೆಯು ಎಲ್ಲ ನೌಕರರಿಗೂ ದೊರೆಯಿತು, ಅದೂ 45.1 ಕೋಟಿಯ ಮಿತಿಯೊಳಗೆ.

ಹೆಸರು ಬದಲಿಸಿದ ಮಾತ್ರಕ್ಕೆ ಇಂಥ ಫಲ ದೊರೆಯದೆಂಬುದಕ್ಕೆ ಬ್ರಿಟನ್ನಿನ 'ಯೂನಿವರ್ಸಲ್ ಕ್ರೆಡಿಟ್' ಸಾಕ್ಷಿ. ಬಡವರಿಗೂ ನಿರುದ್ಯೋಗಿಗಳಿಗೂ ಸಲ್ಲುವ ಆರು ಬಗೆಯ ನೆರವುಗಳನ್ನು ಒಂದುಗೂಡಿಸುವ ಯೋಜನೆಯದು. ಸಂಬಂಧಪಟ್ಟ ಇಲಾಖೆಯು ಅಪರಿಚಿತವಾದ ಅಜೈಲ್ ಮಾರ್ಗವನ್ನು ಹಳೆಯ ಮಾದರಿಯ ಕರಾರುಗಳೊಡನೆಯೂ ಅನುಮೋದನಾ ಕ್ರಮಗಳೊಡನೆಯೂ ಬೆರೆಸಲು ಹೋಯಿತು. ಇಡಿಯ ಕೆಲಸವನ್ನು ಮೊದಲೇ ಅಳೆದು ಬೆಲೆಕಟ್ಟುವ ಕರಾರಿನೊಳಗೆ ಎರಡು ವಾರಕ್ಕೊಮ್ಮೆ ಮನಸ್ಸು ಬದಲಿಸಲು ಅವಕಾಶವೆಲ್ಲಿ? ಲೆಕ್ಕಪರಿಶೋಧಕರು ಕೇಳುವುದು ಸಹಿಯಾದ ಕಾಗದವನ್ನು. ತಂಡದ ಬಳಿಯಿರುವುದು ನಡೆಯುವ ತುಣುಕು. ಇವೆರಡರ ನಡುವೆ ಕುಳಿತು ಇಂದೇ ತೀರ್ಮಾನ ಹೇಳಬಲ್ಲ, ಅಧಿಕಾರವುಳ್ಳ ಅಧಿಕಾರಿಯೊಬ್ಬನಿಲ್ಲದಿದ್ದರೆ ಪದ್ಧತಿ ಯಾವುದಾದರೂ ಒಂದೇ. 2013ರ ಸೆಪ್ಟೆಂಬರಿನಲ್ಲಿ ರಾಷ್ಟ್ರೀಯ ಲೆಕ್ಕಪರಿಶೋಧನಾ ಕಚೇರಿಯ ವರದಿಯು 3.4 ಕೋಟಿ ಪೌಂಡುಗಳ ತಂತ್ರಾಂಶವನ್ನು ನಷ್ಟದ ಲೆಕ್ಕಕ್ಕೆ ಬರೆದುದನ್ನು ಪ್ರಕಟಿಸಿತು. ಅದೇ ವರ್ಷ ಯೋಜನೆಯನ್ನು ಮೊದಲಿನಿಂದ ಮರುವ್ಯವಸ್ಥೆಗೊಳಿಸಲಾಯಿತು. ಇಲಾಖೆಯ ಸ್ವಂತ ತಂಡವು ಸಿದ್ಧಪಡಿಸಿದ ಹೊಸ ಸೇವೆಯು 2014ರ ನವೆಂಬರಿನಲ್ಲಿ ಲಂಡನ್ನಿನ ಸಟನ್ ಪ್ರದೇಶದ ಒಂದು ಭಾಗದಲ್ಲಿ, ಕೆಲವೇ ಅರ್ಜಿದಾರರೊಡನೆ ಮೊದಲಾಯಿತು. ಅಲ್ಲಿ ಕಂಡ ಕುಂದುಗಳನ್ನು ತಿದ್ದುತ್ತ, ಕಚೇರಿಯಿಂದ ಕಚೇರಿಗೆ ಹಬ್ಬುತ್ತ, 2018ರ ಡಿಸೆಂಬರಿಗೆ ಅದು ಬ್ರಿಟನ್ನಿನ ಉದ್ಯೋಗಕೇಂದ್ರಗಳೆಲ್ಲವನ್ನೂ ತಲುಪಿತು.