ತೀರ್ಪು ನೀಡುವವನ ನಾಲಗೆ

ಆರ್.ಟಿ. ನಗರದಲ್ಲಿ ನನ್ನ ಬಳಿ ಓದುವ ಹುಡುಗನೊಬ್ಬನ ತಂದೆ 2024ರ ಸೆಪ್ಟೆಂಬರ್‌ನಲ್ಲಿ ಕೇಳಿದರು: "ಹಜ್ರತ್, ನಮ್ಮ ಗೋರಿಪಾಳ್ಯವನ್ನು ಪಾಕಿಸ್ತಾನ ಎಂದ ಜಡ್ಜ್ ಸಾಹೇಬರನ್ನು ತೆಗೆಯಲು ಆಗುವುದಿಲ್ಲವೇ?" ನಿಮ್ಮ ಮನೆಯಲ್ಲೂ ಈ ಪ್ರಶ್ನೆ ಎದ್ದಿರಬಹುದು.

ಕರ್ನಾಟಕ ಹೈಕೋರ್ಟಿನ ನ್ಯಾಯಮೂರ್ತಿ ವಿ. ಶ್ರೀಶಾನಂದರು ವಿಚಾರಣೆಯ ನಡುವೆ ಆಡಿದ ಆ ಮಾತು ನೇರ ಪ್ರಸಾರದ ವೀಡಿಯೋದಿಂದ ಹರಡಿತು. ಮಹಿಳಾ ವಕೀಲರೊಬ್ಬರಿಗೆ ಹೇಳಿದ ಇನ್ನೊಂದು ಮಾತೂ ಹೊರಬಂತು. ಸೆಪ್ಟೆಂಬರ್ 20ರಂದು ಸುಪ್ರೀಂ ಕೋರ್ಟ್ ತಾನಾಗಿಯೇ ವಿಷಯವನ್ನು ಕೈಗೆತ್ತಿಕೊಂಡಿತು. ಮರುದಿನ ಅವರು ತೆರೆದ ನ್ಯಾಯಾಲಯದಲ್ಲಿ ವಿಷಾದ ವ್ಯಕ್ತಪಡಿಸಿದರು. ಭಾರತದ ಯಾವ ಭಾಗವನ್ನೂ ಪಾಕಿಸ್ತಾನ ಎನ್ನುವಂತಿಲ್ಲವೆಂದು ಹೇಳಿ ಸುಪ್ರೀಂ ಕೋರ್ಟ್ 25ರಂದು ಪ್ರಕರಣ ಮುಗಿಸಿತು. ವಿಷಾದವನ್ನು ನಾವೂ ಸ್ವೀಕರಿಸಬೇಕು.

ಇನ್ನು ತೆಗೆಯುವ ಮಾತು. ಅಮೆರಿಕದ ಫೆಡರಲ್ ನ್ಯಾಯಾಧೀಶರ ನೇಮಕ ಜೀವನಪರ್ಯಂತ. ನಮ್ಮಲ್ಲಿ ಹೈಕೋರ್ಟಿಗೆ 62, ಸುಪ್ರೀಂ ಕೋರ್ಟಿಗೆ 65 ವರ್ಷ ಮಿತಿ. ಅದಕ್ಕೆ ಮುನ್ನ ತೆಗೆಯಬೇಕಾದರೆ ದುರ್ನಡತೆ ಸಾಬೀತಾಗಿ ಸಂಸತ್ತಿನ ಎರಡೂ ಸದನಗಳ ವಿಶೇಷ ಬಹುಮತ ಬೇಕು. 1993ರಲ್ಲಿ ನ್ಯಾ. ವಿ. ರಾಮಸ್ವಾಮಿಯವರ ವಿರುದ್ಧದ ಗೊತ್ತುವಳಿಗೆ ಲೋಕಸಭೆಯಲ್ಲಿ 196 ಮತಗಳು ಬಂದವು. 205 ಮಂದಿ ಮತ ಹಾಕದೆ ಕುಳಿತರು, ಗೊತ್ತುವಳಿ ಬಿದ್ದುಹೋಯಿತು. ನಮ್ಮ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿಯಾಗಿದ್ದ ಪಿ.ಡಿ. ದಿನಕರನ್ ಅವರ ಮೇಲೆ ಭೂಮಿಯ ಆರೋಪ ಬಂತು, ಅವರು ಅಲ್ಲಗಳೆದರು. ಸಿಕ್ಕಿಂಗೆ ವರ್ಗವಾದ ಬಳಿಕ, ವಿಚಾರಣಾ ಸಮಿತಿಯ ಕೆಲಸ ಮುಗಿಯುವ ಮುನ್ನವೇ, 2011ರಲ್ಲಿ ರಾಜೀನಾಮೆಯಿತ್ತರು.

ಇಷ್ಟು ಬಿಗಿಯಾದ ಭದ್ರತೆ ಏಕೆಂದು ಸಿಟ್ಟಾಗಬೇಡಿ. ಸರಕಾರದ ವಿರುದ್ಧ ಬಡವನ ಪರ ತೀರ್ಪಿತ್ತ ಮರುದಿನವೇ ಕುರ್ಚಿ ಹೋಗುವುದಾದರೆ ಯಾರು ತಾನೇ ಅಂಥ ತೀರ್ಪು ಬರೆದಾರು? ಆ ಭದ್ರತೆ ದುರ್ಬಲರಿಗೂ ಬೇಕು. ಆದರೆ ಯಾರೂ ತೆಗೆಯಲಾರದ ಸ್ಥಾನದಲ್ಲಿರುವವನಿಗೆ ಅಲ್ಲಾಹನ ಮುಂದಿನ ವಿಚಾರಣೆಯ ಭಯ ಇತರರಿಗಿಂತ ಹೆಚ್ಚಿರಬೇಕು.

ಖಾಝಿಗಳು ಮೂರು ಬಗೆಯವರು, ಅವರಲ್ಲಿ ಸ್ವರ್ಗಕ್ಕೆ ಹೋಗುವವನು ಒಬ್ಬನೇ ಎಂದು ಪ್ರವಾದಿ(ಸ) ಎಚ್ಚರಿಸಿದ್ದಾರೆ. ಸತ್ಯ ತಿಳಿದೂ ಅನ್ಯಾಯ ಮಾಡಿದವನಿಗೆ ಮಾತ್ರವಲ್ಲ, ತಿಳಿಯದೆ ತೀರ್ಪಿತ್ತವನಿಗೂ ನರಕ. ಕೋಪದಲ್ಲಿರುವಾಗ ತೀರ್ಪು ನೀಡುವುದನ್ನೂ ಅವರು ತಡೆದರು. ಹ. ಉಮರ್(ರ)ರು ಅಬೂ ಮೂಸಾ ಅಶ್‌ಅರೀ(ರ)ಯವರಿಗೆ ಬರೆದ ಪತ್ರವೆಂದು ಪ್ರಸಿದ್ಧವಾದುದರಲ್ಲಿ, ಎರಡೂ ಕಡೆಯವರನ್ನು ಕೂರಿಸುವುದರಲ್ಲೂ ಮುಖ ಕೊಟ್ಟು ಕೇಳುವುದರಲ್ಲೂ ಭೇದವಿರಬಾರದೆಂಬ ಸೂಚನೆಯಿದೆ. ನ್ಯಾಯ ಕೇಳಲು ಬಂದವನು ತನ್ನ ಬೀದಿಗೆ ಇಂಥ ಹೆಸರು ಕೇಳಿದರೆ, ತೀರ್ಪು ಎಷ್ಟೇ ಸರಿಯಿರಲಿ, ಅವನ ನಂಬಿಕೆ ಆಗಲೇ ಹೋಗಿರುತ್ತದೆ.

ಕೇಳಿದವರಿಗೆ ಇಷ್ಟು ಹೇಳಿ, ಅವರೂ ಮಸೀದಿ ಕಮಿಟಿಯ ಸದಸ್ಯರಲ್ಲವೇ ಎಂದು ನೆನಪಿಸಿದೆ. ನಮ್ಮಲ್ಲೂ ಸಾಯುವವರೆಗೆ ಗಾದಿ ಬಿಡದ ಮುತವಲ್ಲಿಗಳುಂಟು. ಅವರನ್ನು ಇಳಿಸಲು ಯಾವ ಸಂಸತ್ತೂ ಇಲ್ಲ! ತಲಾಕಿನ ಪಂಚಾಯಿತಿಯೊಂದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಗಂಡ ಹಿರಿಯರ ಪಕ್ಕದಲ್ಲಿ ಕುಳಿತು ಚಹಾ ಕುಡಿಯುತ್ತಿದ್ದ. ಹೆಣ್ಣುಮಗಳು ಹೊರಗೆ ಮೆಟ್ಟಿಲ ಬಳಿ ನಿಂತಿದ್ದಳು. ಅವಳ ಮಾತನ್ನು ಅಣ್ಣ ಬಂದು ಹೇಳಿದ, ಅದೂ ಅರ್ಧ. ನಾನೂ ಸುಮ್ಮನಿದ್ದೆ.

ಎರಡನೆಯವರ ಮಾತು ಕೇಳದೆ ತೀರ್ಪು ಕೊಡಬೇಡಿ ಎಂದು ಪ್ರವಾದಿ(ಸ) ಹ. ಅಲಿ(ರ)ಯವರಿಗೆ ಕಲಿಸಿದ್ದರು. ನಿಮ್ಮ ಮೊಹಲ್ಲಾದಲ್ಲಿ ಮುಂದಿನ ಪಂಚಾಯಿತಿ ಕೂಡಿದಾಗ ಆಕೆಯನ್ನು ಒಳಗೆ ಕರೆಸಿ, ಅವಳಿಗೂ ಒಂದು ಕುರ್ಚಿ ಹಾಕಿಸಿ, ಅವಳ ಬಾಯಿಂದಲೇ ಕೇಳಿ. ಕಕ್ಷಿಗಾರ ನಿಮ್ಮ ನೆಂಟನಾದರೆ ನೀವು ಎದ್ದು ಬನ್ನಿ. ತೀರ್ಮಾನವನ್ನು ಕಾರಣಸಹಿತ ಬರೆದು ಇಬ್ಬರ ಕೈಗೂ ಒಂದೊಂದು ಪ್ರತಿ ಕೊಡಿ.