ಎಲುಬನ್ನು ಕಂಡು ಕತ್ತರಿಸುವ ಯಂತ್ರ

ಕೈಗಾರಿಕೆಯಲ್ಲಿ ಯಂತ್ರಬಾಹುವು ಮೊತ್ತಮೊದಲು ಕೆಲಸಕ್ಕೆ ನಿಂತುದು ೧೯೬೧ರಲ್ಲಿ. ಅಮೆರಿಕದ ಜನರಲ್ ಮೋಟಾರ್ಸ್ ಸಂಸ್ಥೆಯ ಕಾರ್ಖಾನೆಯೊಂದರಲ್ಲಿ ‘ಯೂನಿಮೇಟ್’ ಎಂಬ ಯಂತ್ರವು ಅಚ್ಚಿನಿಂದ ಹೊರಬಂದ ಕಾದ ಲೋಹದ ಭಾಗಗಳನ್ನು ಎತ್ತಿಡತೊಡಗಿತು. ಮಾಂಸದ ಕಾರ್ಖಾನೆಗಳಲ್ಲಾದರೋ, ಕತ್ತರಿಸುವ ಕೆಲಸವು ಅನಂತರವೂ ಹಲವು ದಶಕಗಳವರೆಗೆ ಬಹುಮಟ್ಟಿಗೆ ಮನುಷ್ಯನ ಕೈಯಲ್ಲೇ ಉಳಿಯಿತು. ಇದಕ್ಕೆ ಕಾರಣವೇನು?

ಈ ಉದ್ಯಮವೇ ಹಿಂದುಳಿದುದೆಂದು ಭಾವಿಸಲಾಗದು. ಷಿಕಾಗೋ ನಗರದ ಮಾಂಸದ ಕಾರ್ಖಾನೆಗಳಲ್ಲಿ ಪ್ರಾಣಿಯ ಒಡಲು ಮೇಲಿನ ಕಂಬಿಯಿಂದ ತೂಗುತ್ತ ಒಬ್ಬ ಕೆಲಸಗಾರನಿಂದ ಮತ್ತೊಬ್ಬನೆಡೆಗೆ ಸಾಗುತ್ತಿತ್ತು. ಪ್ರತಿಯೊಬ್ಬನೂ ನಿಂತಲ್ಲೇ ನಿಂತು ತನ್ನ ಪಾಲಿನ ಕೊಯ್ತವನ್ನು ಮಾಡುತ್ತಿದ್ದನು. ೧೯೧೩ರಲ್ಲಿ ಮೋಟಾರು ಜೋಡಣೆಗೆ ಚಲಿಸುವ ಸಾಲನ್ನು ಏರ್ಪಡಿಸಿದ ಹೆನ್ರಿ ಫೋರ್ಡನು, ಅದರ ಕಲ್ಪನೆ ಸ್ಥೂಲವಾಗಿ ದೊರೆತುದು ಈ ಕಂಬಿಯ ಏರ್ಪಾಟಿನಿಂದಲೇ ಎಂದು ಬರೆದಿದ್ದಾನೆ.

ತೊಡಕಿರುವುದು ಕತ್ತರಿಸಬೇಕಾದ ವಸ್ತುವಿನಲ್ಲಿ. ಒಂದೇ ಅಚ್ಚಿನ ಸಾವಿರ ಬೋಲ್ಟುಗಳಿಗೂ ಅಳತೆ ಒಂದೇ. ಒಂದೇ ಮಂದೆಯ ಎರಡು ಕುರಿಗಳಿಗೆ ಹಾಗಿಲ್ಲ. ಮಾಂಸವು ಮೃದು, ಅಲಗು ತಾಗಿದೊಡನೆ ಸರಿಯುತ್ತದೆ. ಎಲುಬು ಒಳಗೆ ಅಡಗಿದೆ. ನುರಿತ ಕೆಲಸಗಾರನು ಚೂರಿಯ ಹಿಡಿಯ ಮೂಲಕವೇ ಎಲುಬಿನ ಅಂಚನ್ನು ಅರಿಯುತ್ತಾನೆ. ಕಲಿಸಿದ ದಾರಿಯಲ್ಲೇ ಚಲಿಸುವ ಯಂತ್ರಕ್ಕೆ ಈ ಸ್ಪರ್ಶಜ್ಞಾನವಿಲ್ಲ.

ನ್ಯೂಜಿಲೆಂಡಿನ ಡನೀಡಿನ್ ನಗರದ ಸ್ಕಾಟ್ ಟೆಕ್ನಾಲಜಿ ಸಂಸ್ಥೆಯ ಯಂತ್ರಶಿಲ್ಪಿಗಳು ಕುರಿಮಾಂಸದ ಕೆಲಸಕ್ಕೆ ಕ್ಷ-ಕಿರಣಗಳನ್ನೇ ಕಣ್ಣಾಗಿ ಬಳಸಿದರು. ಎಲುಬಿನಲ್ಲಿರುವ ಕ್ಯಾಲ್ಸಿಯಮ್ ಪರಮಾಣುಗಳು, ಮಾಂಸದಲ್ಲಿ ಹೇರಳವಾಗಿರುವ ಹೈಡ್ರೊಜನ್, ಇಂಗಾಲ, ಆಮ್ಲಜನಕಗಳ ಪರಮಾಣುಗಳಿಗಿಂತ ಭಾರವಾದವು. ಅವು ಕ್ಷ-ಕಿರಣಗಳನ್ನು ಹೆಚ್ಚು ಹೀರುತ್ತವೆ. ಆದುದರಿಂದ ಚಿತ್ರದಲ್ಲಿ ಎಲುಬುಗಳು ಬೇರ್ಪಟ್ಟು ತೋರುತ್ತವೆ. ಗಣಕಯಂತ್ರವು ಪಕ್ಕೆಲುಬುಗಳನ್ನು ಗುರುತಿಸಿ, ಯಾವ ಎರಡರ ನಡುವೆ ಅಲಗು ಹಾಯಬೇಕೆಂಬುದನ್ನು ಒಂದೊಂದು ಒಡಲಿಗೂ ಬೇರೆಬೇರೆಯಾಗಿ ಲೆಕ್ಕಹಾಕುತ್ತದೆ. ಅಲಗು ಆ ಸ್ಥಾನಕ್ಕೆ ಹೊಂದಿಕೊಂಡು ಕತ್ತರಿಸುತ್ತದೆ.

ಇದರಿಂದ ಪ್ರಯೋಜನ ಎರಡು. ಭುಜದ ಮಾಂಸಕ್ಕಿಂತ ಬೆನ್ನಿನ ಮಾಂಸಕ್ಕೆ ಬೆಲೆ ಹೆಚ್ಚು. ಗೆರೆ ಕೆಲವೇ ಮಿಲಿಮೀಟರು ತಪ್ಪಿದರೂ ಬೆಲೆಬಾಳುವ ಭಾಗ ಅಗ್ಗದ ಭಾಗದೊಡನೆ ಹೋಗುತ್ತದೆ. ಸಾವಿರಾರು ಕುರಿಗಳಾದಾಗ ಈ ನಷ್ಟ ಅಲ್ಪವಲ್ಲ. ಎರಡನೆಯದು ಇನ್ನೂ ಮುಖ್ಯ. ಚಳಿಕೋಣೆಯಲ್ಲಿ ನಿಂತು, ತಿರುಗುವ ಗರಗಸಕ್ಕೆ ಜಾರುವ ಮಾಂಸವನ್ನು ದಿನವಿಡೀ ಒಡ್ಡುವ ಕೆಲಸಗಾರನು ಒಂದು ಕ್ಷಣ ಮೈಮರೆತರೆ ಬೆರಳನ್ನೇ ಕಳೆದುಕೊಳ್ಳುವುದುಂಟು. ಯಂತ್ರವು ಆ ಜಾಗದಲ್ಲಿ ನಿಂತರೆ ಅವನ ಕೈ ಉಳಿಯುತ್ತದೆ. ಆ ಕೈಗೆ ಬೇರೆ ಕೆಲಸ ಒದಗಿಸುವ ಹೊಣೆ ಯಂತ್ರವನ್ನು ತಂದವರದು.

ಎಲುಬಿನಿಂದ ಮಾಂಸವನ್ನು ಬಿಡಿಸುವ ನಾಜೂಕಿನ ಕೆಲಸವಾದರೋ ಇಂದಿಗೂ ಬಹುಪಾಲು ಮನುಷ್ಯನದೇ. ಅಲ್ಲಿ ಪ್ರತಿ ಕೊಯ್ತಕ್ಕೂ ಮಾಂಸದ ಆಕಾರ ಬದಲಾಗುವುದರಿಂದ, ಮೊದಲು ತೆಗೆದ ಚಿತ್ರ ಮರುಕ್ಷಣವೇ ಹಳತಾಗುತ್ತದೆ. ಅಲಗಿಗೆ ಎದುರಾಗುವ ಬಲವನ್ನು ಅಳೆದು ತನ್ನ ದಾರಿಯನ್ನು ತಾನೇ ತಿದ್ದಿಕೊಳ್ಳುವ ಯಂತ್ರಗಳಿಗಾಗಿ ಪ್ರಯತ್ನ ಸಾಗಿದೆ. ಯಂತ್ರಶಿಲ್ಪವನ್ನು ಅಭ್ಯಸಿಸುವ ವಿದ್ಯಾರ್ಥಿಗಳು ಇದನ್ನು ಗಮನಿಸಬೇಕು: ದಣಿಯದ ತೋಳನ್ನು ನಿರ್ಮಿಸುವುದು ೧೯೬೧ರಲ್ಲೇ ಸಾಧ್ಯವಾಗಿತ್ತು, ಕೆಲಸಗಾರನ ಬೆರಳತುದಿಯ ಅರಿವನ್ನು ಅದಕ್ಕೆ ಕೊಡುವ ಕೆಲಸ ಇನ್ನೂ ಮುಗಿದಿಲ್ಲ.