ಮಾಟದ ಆರೋಪ, ಎರಡು ಕಾಯ್ದೆ: ಗಡಿ ತಾಲ್ಲೂಕುಗಳ ಅಭ್ಯರ್ಥಿಗಳಿಗೆ

ನಿಪ್ಪಾಣಿ, ಕಾಗವಾಡದ ಪರೀಕ್ಷಾ ಅಭ್ಯರ್ಥಿಗಳು ಮಾಟ-ವಾಮಾಚಾರದ ವಿಷಯದಲ್ಲಿ ಎರಡು ರಾಜ್ಯಗಳ ಕಾನೂನನ್ನೂ ಓದಿಕೊಳ್ಳಬೇಕು. ಗಡಿ ದಾಟಿದರೆ ಮಹಾರಾಷ್ಟ್ರದ ಕೊಲ್ಹಾಪುರ, ಮಿರಜ್.

2013ರ ಆಗಸ್ಟ್ 20ರಂದು ಪುಣೆಯಲ್ಲಿ ಮೂಢನಂಬಿಕೆ ವಿರೋಧಿ ಹೋರಾಟಗಾರ ನರೇಂದ್ರ ದಾಭೋಲ್ಕರ್ ಹತ್ಯೆಯಾಯಿತು. ಅವರು ಒತ್ತಾಯಿಸುತ್ತಿದ್ದ, ವರ್ಷಗಟ್ಟಲೆ ನನೆಗುದಿಗೆ ಬಿದ್ದಿದ್ದ ವಾಮಾಚಾರ ವಿರೋಧಿ ಮಸೂದೆ ಕೆಲವೇ ದಿನಗಳಲ್ಲಿ ಸುಗ್ರೀವಾಜ್ಞೆಯಾಯಿತು, ಅದೇ ಡಿಸೆಂಬರ್‌ನಲ್ಲಿ ಮಹಾರಾಷ್ಟ್ರದ ಕಾಯ್ದೆಯಾಯಿತು. ಕರ್ನಾಟಕದ್ದು ‘ಅಮಾನವೀಯ ದುಷ್ಟ ಪದ್ಧತಿಗಳು ಮತ್ತು ವಾಮಾಚಾರ ಪ್ರತಿಬಂಧ ಮತ್ತು ನಿರ್ಮೂಲನೆ ಅಧಿನಿಯಮ, 2017’. ಜಾರಿಗೆ ಬಂದದ್ದು 2020ರ ಜನವರಿಯಲ್ಲಿ. ಪ್ರಶ್ನೆಪತ್ರಿಕೆ ಎಡವಿಸುವುದು ಇಲ್ಲೇ. ಶಿಕ್ಷೆ 1ರಿಂದ 7 ವರ್ಷ, ದಂಡ 5,000ದಿಂದ 50,000 ರೂಪಾಯಿ. ಮಹಾರಾಷ್ಟ್ರದಲ್ಲಿ ಕನಿಷ್ಠ ಶಿಕ್ಷೆ 6 ತಿಂಗಳು. ಮಡೆಸ್ನಾನ (ಎಂಜಲೆಲೆಗಳ ಮೇಲೆ ಉರುಳುವುದು) ಕರ್ನಾಟಕದ ನಿಷೇಧಿತ ಪದ್ಧತಿಗಳ ಪಟ್ಟಿಯಲ್ಲಿದೆ. ಜ್ಯೋತಿಷ, ವಾಸ್ತುವಿಗೆ ವಿನಾಯಿತಿ ಇದೆ (ಟಿ.ವಿ.ಯ ಬೆಳಗಿನ ಕಾರ್ಯಕ್ರಮಗಳು ಬಚಾವಾದವು!).

ದಾಭೋಲ್ಕರ್ ನಂತರ ಇನ್ನಿಬ್ಬರು ವಿಚಾರವಾದಿಗಳು: 2015ರ ಫೆಬ್ರವರಿಯಲ್ಲಿ ಕೊಲ್ಹಾಪುರದಲ್ಲಿ ಗೋವಿಂದ ಪಾನ್ಸರೆ, ಆಗಸ್ಟ್ 30ರಂದು ಧಾರವಾಡದಲ್ಲಿ ಎಂ.ಎಂ. ಕಲಬುರ್ಗಿ ಗುಂಡಿಗೆ ಗುರಿಯಾದರು. ಇಬ್ಬರ ಊರುಗಳ ನಡುವೆ ಇರುವುದು ನಿಪ್ಪಾಣಿಯ ಹೆದ್ದಾರಿಯೇ.

ಹೋಲಿಕೆಗೆ: ಅಮೆರಿಕದ ಸೇಲಂ, 1692. ಮಾಟದ ಆರೋಪದ ಮೇಲೆ 19 ಜನರನ್ನು ಗಲ್ಲಿಗೇರಿಸಿದರು. ‘ಸುಟ್ಟರು’ ಎಂಬ ಆಯ್ಕೆ ತಪ್ಪು. 1953ರಲ್ಲಿ ಆರ್ಥರ್ ಮಿಲ್ಲರ್ ಈ ಕಥೆಯನ್ನು ‘ದಿ ಕ್ರೂಸಿಬಲ್’ ನಾಟಕವಾಗಿಸಿ, ಕಮ್ಯುನಿಸ್ಟರೆಂದು ಶಂಕಿಸಿ ಬೇಟೆಯಾಡುತ್ತಿದ್ದ ಮೆಕಾರ್ಥಿ ಕಾಲಕ್ಕೆ ಕನ್ನಡಿ ಹಿಡಿದರು. ಸೆನೆಟರ್ ಮೆಕಾರ್ಥಿಯನ್ನು ಸೆನೆಟ್ ಖಂಡಿಸಿದ್ದು 1954ರ ಡಿಸೆಂಬರ್ 2ರಂದು.